ಆ ಮಾತ್ರೆ ನಾನು ತರ್ಸ್‌ಕೊಡಲ್ಲ

ಮೊನ್ನೆ ಹಲಗೂರ ನಮ್ಮನೆ ಜಗಲೀಲಿ ಅವರೆಕಾಯಿ ಸುಲೀತಾ ಕೂತಿದ್ದಾಗ ಪಕ್ಕದ ಮನೆಯಾಕೆ ಕೇಳುದ್ರು: "ಅಕ್ಕ, ಬೆಂಗಳೂರು ಮಕ್ಳು ನಿದ್ದೆಗೆಟ್ಟು ಓದೋಕೆ ಅದೇನೋ ಮಾತ್ರೆ ನುಂಗ್ತಾರಂತೆ. ನಮ್ ಹುಡುಗ್ನಿಗೂ ತರ್ಸ್‌ಕೊಡು, ನೀಟ್‌ಗೆ ನಾಕೇ ತಿಂಗ್ಳು."

ತರ್ಸಲ್ಲ ಕಣವ್ವ ಅಂದೆ. ಯಾಕಂತ ನೀವೂ ಕೇಳ್ರವ್ವ.

ಅದು ಮೀಥೈಲ್‌ಫೆನಿಡೇಟ್. ಗಮನ ಒಂದ್ಕಡೆ ನಿಲ್ಲದ ಎಡಿಎಚ್‌ಡಿ ತೊಂದ್ರೆ ಇರೋರಿಗೆ ಡಾಕ್ಟ್ರು ಪರೀಕ್ಷೆ ಮಾಡಿ ಕೊಡೋದು. ಅವರಿಗೆ ಅದು ಬೇಕೇ ಬೇಕು, ಅವ್ರನ್ನ ಆಡ್ಕಬೇಡಿ. ಆದ್ರೆ 1985ರ ಎನ್‌ಡಿಪಿಎಸ್ ಕಾಯ್ದೆಗೆ ಸೇರಿರೋ ಔಷಧಿ ಅದು. ಚೀಟಿ ಇಲ್ದೆ ಕೊಡಂಗಿಲ್ಲ.

ನನ್ನ ತಂಗಿ ಮಗಳು ಗೆಳತಿ ಕೊಟ್ಲು ಅಂತ ನುಂಗಿದ್ಲು. ಎರಡು ರಾತ್ರಿ ನಿದ್ದೆ ಇಲ್ಲ, ಎದೆ ಡವಡವ, ಮುದ್ದೆ ಮುಟ್ಲಿಲ್ಲ. ಪರೀಕ್ಷೆ ದಿನ ಓದಿದ್ದೂ ಮರ್ತೋಯ್ತು.

2023ರಲ್ಲಿ ಆಸ್ಟ್ರೇಲಿಯಾದೋರು ತೊಂದ್ರೆ ಇಲ್ದಿರೋ 40 ಜನಕ್ಕೆ ಇಂಥ ಮಾತ್ರೆ ಕೊಟ್ಟು, ಚೀಲಕ್ಕೆ ಯಾವ ಸಾಮಾನು ತುಂಬುದ್ರೆ ಲಾಭ ಅಂತ ಲೆಕ್ಕ ಹಾಕ್ಸುದ್ರು. ಒದ್ದಾಟ ಜಾಸ್ತಿ ಆಯ್ತು, ಲೆಕ್ಕ ಕೆಡ್ತು. ಎತ್ತಿಗೆ ಬಾರುಕೋಲಲ್ಲಿ ಬಾರ್ಸುದ್ರೆ ಓಡ್ತದೆ, ಸಾಲು ನೆಟ್ಟಗೆ ಬರ್ತದಾ?

ಡಾಕ್ಟ್ರಾಗೋ ಆಸೆ ಮಕ್ಳಿಗಿಂತ ನಮ್ಗೇ ಜಾಸ್ತಿ ಆಗೈತೆ. ನಿಜವಾಗ್ಲೂ ಗಮನ ನಿಲ್ಲದಿದ್ರೆ ನಿಮ್ಹಾನ್ಸ್‌ಗೆ ಕರ್ಕಂಡೋಗಿ ತೋರ್ಸಿ. ಇಲ್ದಿದ್ರೆ ಬಿಸಿ ಮುದ್ದೆ, ಬಸ್ಸಾರು ಇಕ್ಕಿ, ಹತ್ತು ಗಂಟೆಗೆ ಲೈಟ್ ಆರ್ಸಿ ಮಲಗ್ಸಿ.