ಮದರ್‌ಬೋರ್ಡ್ ಹೋಗಿರಲಿಲ್ಲ

ಕಳೆದ ಮೇ ತಿಂಗಳಲ್ಲಿ ನಾಗಪುರದಿಂದ ತಂಗಿಯ ಮಗ ಫೋನ್ ಮಾಡಿದ. ಇಂಜಿನಿಯರಿಂಗ್ ಮೂರನೇ ವರ್ಷ, ಇನ್ನು ಹದಿನೈದು ದಿನದಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. "ಮಾಮಾ, ಲ್ಯಾಪ್‌ಟಾಪ್ ತಾನ ಬಂದ್ ಆಗ್ಲಿಕ್ಕತ್ತದ. ಅಂಗಡ್ಯಾಗ ತೋರಿಸಿದೆ, ಮದರ್‌ಬೋರ್ಡ್ ಹೋಗೇದ ಅಂದ್ರು. ಇಪ್ಪತ್ತೆರಡು ಸಾವಿರ ಕೇಳ್ತಾರ." ನಾಲ್ಕು ವರ್ಷದ ಹಳೆಯ ಯಂತ್ರಕ್ಕೆ 22,000 ಹಾಕುವುದಕ್ಕಿಂತ ಕಂತಿನ ಮೇಲೆ ಹೊಸದನ್ನೇ ಕೊಡಿಸೋಣ ಎಂದು ತಂಗಿ ಆಗಲೇ ಬ್ಯಾಂಕಿನ ಲೆಕ್ಕ ಹಾಕುತ್ತ ಕೂತಿದ್ದಳು.

ನಾನು ಅವನಿಗೆ ಎರಡು ಪ್ರಶ್ನೆ ಕೇಳಿದೆ. ಆನ್ ಮಾಡಿದ ಕೂಡಲೇ ಬಂದ್ ಆಗುತ್ತದೋ, ಹೊತ್ತಾದ ಮೇಲೋ? ಹತ್ತು ಹದಿನೈದು ನಿಮಿಷದ ಮೇಲೆ ಅಂದ. ಬೆಳಗಿನ ಜಾವ ಕೂತರೆ? "ಆವಾಗ ತಾಸುಗಟ್ಟಲೆ ನಡೀತದ ಮಾಮಾ." ನನಗೆ ಅಷ್ಟು ಸಾಕಾಯಿತು. ಹೋದ ಬೋರ್ಡಿಗೆ ಸಾಮಾನ್ಯವಾಗಿ ಬೆಳಗಿನ ಜಾವ ಮತ್ತು ಮಟಮಟ ಮಧ್ಯಾಹ್ನದ ವ್ಯತ್ಯಾಸ ತಿಳಿಯುವುದಿಲ್ಲ. ಬಿಸಿಯ ತೊಂದರೆಯಾದರೆ ಚೆನ್ನಾಗಿ ತಿಳಿಯುತ್ತದೆ. ರಾತ್ರಿ ರೈಲು ಹಿಡಿದು ಪುಣೆಗೆ ಬಾ ಅಂದೆ.

ಊಟದ ಟೇಬಲ್ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಬಿಚ್ಚಿದೆವು. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಒತ್ತಿಕೊಂಡು ಕಂಬಳಿಯ ತುಂಡಿನಂತಾಗಿತ್ತು. ಹೀಟ್‌ಸಿಂಕ್ ಎತ್ತಿದರೆ ಪ್ರೊಸೆಸರಿನ ಮೇಲಿದ್ದ ಪೇಸ್ಟ್ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ನಡುಮಧ್ಯದಲ್ಲಿ, ನಿಜವಾಗಿ ಬೇಕಾದ ಜಾಗದಲ್ಲಿ, ಪೇಸ್ಟೇ ಇರಲಿಲ್ಲ. ಅಂಚಿಗೆ ಸರಿದು ಪುಡಿಯಾಗಿತ್ತು. ಒರೆಸಿ, ಹೊಸ ಪೇಸ್ಟ್ ಹಾಕಿ, ಧೂಳು ತೆಗೆದು ಮುಚ್ಚಲು ಮುಕ್ಕಾಲು ತಾಸು ಹಿಡಿಯಿತು. ಟ್ಯೂಬಿನ ಬೆಲೆ ಐನೂರು ರೂಪಾಯಿಯ ಒಳಗೆ. ಮೊದಲು ನೂರರ ಹತ್ತಿರ ಹೋಗಿ ಆರಿಹೋಗುತ್ತಿದ್ದ ಯಂತ್ರ ಅದೇ ಕೆಲಸಕ್ಕೆ 82–83 ಡಿಗ್ರಿಯಲ್ಲಿ ನಿಂತಿತು.

ಅಂಗಡಿಯವರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ನನ್ನ ತಕರಾರು ಬೇರೆ. ಥರ್ಮಲ್ ಪೇಸ್ಟಿನ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಜನ ಇದ್ದಾರೆ. ಅಂಥದ್ದೊಂದು ಇದೆ ಎಂದೇ ತಿಳಿಯದೆ ಯಂತ್ರವನ್ನು ಗುಜರಿಗೆ ಹಾಕುವವರು ಒಂದು ಕಡೆ. ಯಾವ ಬ್ರ್ಯಾಂಡು ಶ್ರೇಷ್ಠ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡು ಎರಡು ಸಾವಿರದ ಟ್ಯೂಬು ತರಿಸಿ, ಅದನ್ನು ಪೂರಿಗೆ ಶ್ರೀಖಂಡ ಬಳಿದಂತೆ ಬಳಿಯುವವರು ಇನ್ನೊಂದು ಕಡೆ. ಎರಡೂ ಕಡೆ ದುಡ್ಡು ಹಾಳು.

ಪೇಸ್ಟಿನ ಕೆಲಸವೇನೆಂದು ಮೊದಲು ನೋಡೋಣ. ಪ್ರೊಸೆಸರಿನ ಮೇಲ್ಮೈ, ಹೀಟ್‌ಸಿಂಕಿನ ಅಡಿ, ಎರಡೂ ಕಣ್ಣಿಗೆ ಕನ್ನಡಿಯಂತೆ ಕಂಡರೂ ನಿಜವಾಗಿ ತಗ್ಗುದಿಣ್ಣೆಗಳೇ. ಒಂದರ ಮೇಲೊಂದು ಇಟ್ಟರೆ ದಿಣ್ಣೆಗೆ ದಿಣ್ಣೆ ತಾಗುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಶಾಖ ದಾಟಿಸುವ ಗುಣವನ್ನು ಅಳೆದರೆ ತಾಮ್ರಕ್ಕೆ ಸುಮಾರು 400 ಅಂಕ. ಗಾಳಿಗೆ ಸುಮಾರು 0.026. ಪೇಸ್ಟುಗಳ ಡಬ್ಬಿಯ ಮೇಲೆ ಬರೆದಿರುವುದು 4, 8, ಸಾಮಾನ್ಯವಾಗಿ ಹೆಚ್ಚೆಂದರೆ 12–14. ಅಂದರೆ ತಾಮ್ರದ ಮುಂದೆ ಎಂಥ ದುಬಾರಿ ಪೇಸ್ಟೂ ಬಡಪಾಯಿಯೇ. ಗಾಳಿಯ ಮುಂದೆ ಎಂಥ ಅಗ್ಗದ ಪೇಸ್ಟೂ ರಾಜ. ಅದು ಇರಬೇಕಾದದ್ದು ಗಾಳಿಯ ಜಾಗದಲ್ಲಿ ಮಾತ್ರ, ಲೋಹ ಲೋಹ ಕೂಡುವ ಜಾಗದಲ್ಲಲ್ಲ.

ಒಂದು ಒರಟು ಲೆಕ್ಕ ಮಾಡೋಣ. ಮನೆಯ ಡೆಸ್ಕ್‌ಟಾಪಿನ 65 ವ್ಯಾಟ್ ಪ್ರೊಸೆಸರು, ಶಾಖವೆಲ್ಲ ನಾಲ್ಕು ಚದರ ಸೆಂಟಿಮೀಟರ್ ಜಾಗದ ಮೂಲಕ ಮೇಲೇರುತ್ತದೆ ಎಂದುಕೊಳ್ಳಿ. ಪೇಸ್ಟಿನ ಪದರ 0.05 ಮಿಲಿಮೀಟರ್. 4 ಅಂಕದ ಅಗ್ಗದ ಪೇಸ್ಟಾದರೆ ಆ ಪದರದಿಂದ ಹೆಚ್ಚುವ ಬಿಸಿ ಸುಮಾರು 2 ಡಿಗ್ರಿ. 8 ಅಂಕದ್ದಾದರೆ 1 ಡಿಗ್ರಿ. ಇಷ್ಟಕ್ಕೇ ಇಷ್ಟು ವಾದ! ಈಗ ಅದೇ 8 ಅಂಕದ ಪೇಸ್ಟನ್ನು ಪ್ರೀತಿಯಿಂದ ದಪ್ಪಗೆ ಹಾಕಿ, ಸ್ಕ್ರೂ ಸಡಿಲ ಬಿಟ್ಟು, ಪದರ 0.2 ಮಿಲಿಮೀಟರ್ ಆಯಿತು ಎನ್ನಿ. ಆಗ 4 ಡಿಗ್ರಿ. ತೆಳ್ಳಗೆ ಕೂತ ಅಗ್ಗದ ಪೇಸ್ಟಿಗಿಂತ ದಪ್ಪಗೆ ಕೂತ ದುಬಾರಿ ಪೇಸ್ಟು ಕೆಟ್ಟದ್ದು. ಇನ್ನು ಆ 0.05 ಮಿಲಿಮೀಟರಿನಲ್ಲಿ ಬರೀ ಗಾಳಿಯೇ ಇದ್ದರೆ ಲೆಕ್ಕ 300 ಡಿಗ್ರಿ ದಾಟುತ್ತದೆ. ಅಷ್ಟರೊಳಗೆ ಯಂತ್ರ ತನ್ನನ್ನು ತಾನೇ ಆರಿಸಿಕೊಂಡಿರುತ್ತದೆ. ನಾಗಪುರದ ಲ್ಯಾಪ್‌ಟಾಪ್ ಮಾಡುತ್ತಿದ್ದದ್ದೂ ಅದನ್ನೇ. ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳು ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಮೊದಲು ವೇಗ ಇಳಿಸುತ್ತವೆ, ಆಮೇಲೂ ಬಿಸಿ ಏರಿದರೆ ಬಂದ್ ಆಗುತ್ತವೆ. ಅದು ಜೀವ ಉಳಿಸಿಕೊಳ್ಳುವ ಉಪಾಯ. ನಾವು ಅದನ್ನೇ ಸಾವು ಎಂದು ಓದುತ್ತೇವೆ.

ಈ ದಪ್ಪದ ಮಾತಿಗೆ ಕಂಪ್ಯೂಟರ್ ಚರಿತ್ರೆಯಲ್ಲೇ ಸಾಕ್ಷಿ ಇದೆ. 2012ರಲ್ಲಿ ಇಂಟೆಲ್ ತನ್ನ ಐವಿ ಬ್ರಿಜ್ ಪ್ರೊಸೆಸರುಗಳಲ್ಲಿ ಒಳಗಿನ ಚಿಪ್ಪಿಗೂ ಮೇಲಿನ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಬಿಟ್ಟು ಪೇಸ್ಟ್ ಹಾಕಿತು. ಬಿಸಿ ಹೆಚ್ಚಾಯಿತು, ಆಸಕ್ತರು ಸಿಟ್ಟಾದರು, ಬ್ಲೇಡು ಹಿಡಿದು ಮುಚ್ಚಳ ಕಿತ್ತು ತಮ್ಮದೇ ಪೇಸ್ಟ್ ಹಾಕತೊಡಗಿದರು. ಬಿಸಿ ಇಳಿಯಿತು. ಇಂಟೆಲ್ಲಿನ ಪೇಸ್ಟೇ ಕಳಪೆ ಎಂದು ಎಲ್ಲರೂ ತೀರ್ಪು ಕೊಟ್ಟರು. ಆಮೇಲೆ ತಾಳ್ಮೆಯಿಂದ ಪರೀಕ್ಷಿಸಿದವರಿಗೆ ಕಂಡದ್ದೇ ಬೇರೆ. ಮುಚ್ಚಳವನ್ನು ಸುತ್ತ ಅಂಟಿಸಿದ್ದ ಕಪ್ಪು ಗೋಂದು ಅದನ್ನು ತುಸು ಎತ್ತಿ ಹಿಡಿದಿತ್ತು. ಗೋಂದು ಕೆರೆದು ತೆಗೆದಾಗ ಸಂದು ಕಿರಿದಾಯಿತು, ಬಿಸಿ ಇಳಿಯಲು ಮುಖ್ಯ ಕಾರಣ ಅದೇ. ಹಳಿದದ್ದು ಪೇಸ್ಟನ್ನು, ತಪ್ಪಿದ್ದದ್ದು ಸಂದಿನಲ್ಲಿ. 2018ರ ಕೋರ್ ಐ9-9900ಕೆ ಹೊತ್ತಿಗೆ ಇಂಟೆಲ್ ಬೆಸುಗೆಗೆ ಮರಳಿತು.

ಹಾಗಾದರೆ ಯಾವುದು ಕೊಳ್ಳಬೇಕು? ನನ್ನ ಉತ್ತರ ಅನೇಕರಿಗೆ ಸಪ್ಪೆ ಅನ್ನಿಸುತ್ತದೆ: ಹೆಸರಿರುವ ಯಾವುದಾದರೂ ಮಧ್ಯಮ ಬೆಲೆಯದು. ಆರ್ಕ್ಟಿಕ್‌ನ ಎಂಎಕ್ಸ್-4, ನಾಕ್ಟುವಾದ ಎನ್‌ಟಿ-ಎಚ್1, ಈ ದರ್ಜೆಯದು ಮನೆಯ ಯಾವ ಡೆಸ್ಕ್‌ಟಾಪಿಗೂ ಸಾಕು. ಇವುಗಳ ನಕಲಿ ಟ್ಯೂಬುಗಳು ಬರುತ್ತವೆ, ಆದ್ದರಿಂದ ನಂಬಿಕೆಯ ಅಂಗಡಿ ಮುಖ್ಯ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರು ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್, ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡ್, ಎಲ್ಲಿಯಾದರೂ ಸರಿ, ಬಿಲ್ಲು ಕೊಡುವವನಲ್ಲಿ ಕೊಳ್ಳಿ. ಇಪ್ಪತ್ತು ರೂಪಾಯಿಯ ಬಿಳಿ ಡಬ್ಬಿಯ ಪೇಸ್ಟೂ ತಕ್ಷಣಕ್ಕೆ ಕೆಲಸ ಮಾಡುತ್ತದೆ. ಬೇಗ ಒಣಗುತ್ತದೆ ಎಂಬುದಷ್ಟೇ ಅದರ ದೋಷ. ಹಲ್ಲುಜ್ಜುವ ಪೇಸ್ಟು ಹಚ್ಚಿ ತೋರಿಸುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಅವರು ಹೇಳುವುದು ಸುಳ್ಳಲ್ಲ, ಮೊದಮೊದಲು ಅದೂ ನಡೆಯುತ್ತದೆ. ನೀರು ಆರಿದ ಮೇಲೆ ಸುಣ್ಣದ ಪುಡಿ ಉಳಿಯುತ್ತದೆ. ಆ ವಿಡಿಯೊ ಯಾರೂ ಮಾಡುವುದಿಲ್ಲ.

ಲ್ಯಾಪ್‌ಟಾಪಿನ ಮಾತು ಸ್ವಲ್ಪ ಬೇರೆ. ಅಲ್ಲಿ ಪ್ರೊಸೆಸರಿಗೆ ಲೋಹದ ಮುಚ್ಚಳ ಇರುವುದಿಲ್ಲ, ಬರಿಯ ಚಿಪ್ಪಿನ ಮೇಲೇ ಹೀಟ್‌ಸಿಂಕ್ ಕೂರುತ್ತದೆ. ಜಾಗ ಕಿರಿದು, ಕಾವು ಹೆಚ್ಚು. ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ದಿನಕ್ಕೆ ಹತ್ತು ಸಲ ಹೀಗಾಗುತ್ತ ತೆಳು ಪೇಸ್ಟು ಮೆಲ್ಲಗೆ ಅಂಚಿಗೆ ಸರಿಯುತ್ತದೆ. ನಮ್ಮ ಹುಡುಗನ ಯಂತ್ರದಲ್ಲಿ ಆಗಿದ್ದದ್ದು ಇದೇ. ಆದ್ದರಿಂದ ಲ್ಯಾಪ್‌ಟಾಪಿಗೆ ಗಟ್ಟಿಯಾದ ಪೇಸ್ಟು ಒಳ್ಳೆಯದು. ಇನ್ನೂ ಒಳ್ಳೆಯದು ಹನಿವೆಲ್‌ನ ಪಿಟಿಎಂ7950 ಎಂಬ ತೆಳು ಹಾಳೆ. ಸುಮಾರು 45 ಡಿಗ್ರಿಯಲ್ಲಿ ಮೇಣದಂತೆ ಕರಗಿ ಸಂದು ತುಂಬುತ್ತದೆ, ಆರಿದರೆ ಮತ್ತೆ ಗಟ್ಟಿ; ಅಷ್ಟು ಸುಲಭಕ್ಕೆ ಅಂಚಿಗೆ ಓಡುವುದಿಲ್ಲ. ಹಣ ಹೆಚ್ಚು ಖರ್ಚು ಮಾಡಲೇಬೇಕು ಅನ್ನಿಸಿದರೆ ಇದಕ್ಕೆ ಮಾಡಿ. ದ್ರವ ಲೋಹದ ಹತ್ತಿರ ಮಾತ್ರ ಹೋಗಬೇಡಿ. 2020ರಲ್ಲಿ ಸೋನಿ ಅದನ್ನು ಪ್ಲೇಸ್ಟೇಷನ್ 5ರಲ್ಲಿ ಬಳಸಿತು ನಿಜ, ಆದರೆ ಅದು ಚೆಲ್ಲದಂತೆ ಬೇಲಿ ಕಟ್ಟಿ ಬಳಸಿತು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದು ಪುಡಿ ಮಾಡುತ್ತದೆ. ವಿದ್ಯುತ್ ಹರಿಯುವ ವಸ್ತುವಾದ್ದರಿಂದ ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ, ಮದರ್‌ಬೋರ್ಡ್ ಹೋಯಿತು ಎಂದ ಅಂಗಡಿಯವರ ಮಾತನ್ನು ನೀವೇ ನಿಜ ಮಾಡಿದಂತೆ.

ಹಾಕುವುದು ಹೇಗೆ ಎಂಬುದಕ್ಕೆ ದೊಡ್ಡ ಶಾಸ್ತ್ರವಿಲ್ಲ. ಹಳೆಯದನ್ನು ಪೂರ್ತಿ ತೆಗೆಯಬೇಕು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಎಣ್ಣೆ ಸುಗಂಧಗಳಿರುತ್ತವೆ. ಡೆಸ್ಕ್‌ಟಾಪಿಗೆ ನಡುವೆ ಒಂದು ಸಣ್ಣ ಬಟಾಣಿಯಷ್ಟು, ಲ್ಯಾಪ್‌ಟಾಪಿನ ಬರಿ ಚಿಪ್ಪಿಗಾದರೆ ಅದಕ್ಕಿಂತ ಕಡಿಮೆ ಹಾಕಿ ಇಡೀ ಚಿಪ್ಪಿನ ಮೇಲೆ ತೆಳ್ಳಗೆ ಹರಡಿ. ದೋಸೆ ಕಾವಲಿಗೆ ಈರುಳ್ಳಿಯಿಂದ ಎಣ್ಣೆ ಸವರುವವರಿಗೆ ಈ ಅಂದಾಜು ಹೇಳಿಕೊಡಬೇಕಾಗಿಲ್ಲ. ಚುಕ್ಕೆಯೋ ಗೆರೆಯೋ ಕತ್ತರಿ ಗುರುತೋ ಎಂಬ ಜಗಳ ನನಗೆ ಹಣೆಯ ನಾಮದ ಜಗಳದಂತೆ ಕಾಣುತ್ತದೆ. ಒತ್ತಡ ಸರಿ ಇದ್ದರೆ ಎಲ್ಲವೂ ಹರಡುತ್ತವೆ. ಆ ಒತ್ತಡದ ಕಡೆ ಗಮನ ಕೊಡಿ: ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಒಂದಿಷ್ಟು ಇದು ಒಂದಿಷ್ಟು ಅದು ಎಂದು ಬಿಗಿಯಬೇಕು. ಅನೇಕ ಲ್ಯಾಪ್‌ಟಾಪುಗಳ ಹೀಟ್‌ಸಿಂಕ್ ಮೇಲೆ 1, 2, 3, 4 ಎಂದು ಅಂಕಿ ಕೆತ್ತಿರುತ್ತದೆ, ಅದೇ ಕ್ರಮ.

ನಾನು ಮೊದಲ ಸಲ ಮಾಡಿದ್ದು ಹೇಳದಿದ್ದರೆ ಮೋಸವಾಗುತ್ತದೆ. ನಾಲ್ಕೈದು ವರ್ಷದ ಹಿಂದೆ ನನ್ನ ರೈಜೆನ್ ಡೆಸ್ಕ್‌ಟಾಪಿನ ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದೆ. ಗಟ್ಟಿಯಾಗಿದ್ದ ಪೇಸ್ಟು ಪ್ರೊಸೆಸರನ್ನೂ ಹಿಡಿದುಕೊಂಡು ಸಾಕೆಟ್ಟಿನಿಂದ ಕಿತ್ತು ತಂದಿತು. ಆ ಕಾಲದ ಎಎಂಡಿ ಪ್ರೊಸೆಸರುಗಳಿಗೆ ಅಡಿಯಲ್ಲಿ ಸೂಜಿಯಂಥ ಪಿನ್ನುಗಳ ಕಾಡು. ಹನ್ನೊಂದು ಪಿನ್ನು ಬಾಗಿದ್ದವು. ಹೆಂಡತಿಯ ಹೊಲಿಗೆ ಡಬ್ಬಿಯ ಸೂಜಿ ಮತ್ತು ಹಳೆಯ ಕ್ರೆಡಿಟ್ ಕಾರ್ಡ್ ಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿದ ಆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಮೊದಲು ಹತ್ತು ನಿಮಿಷ ಯಂತ್ರ ಓಡಿಸಿ ಪೇಸ್ಟನ್ನು ಬೆಚ್ಚಗೆ ಮಾಡಬೇಕು, ಆಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಬಿಡಿಸಿಕೊಳ್ಳಬೇಕು. ಅಂದು ನನಗೆ ಇದನ್ನು ಹೇಳುವವರು ಇರಲಿಲ್ಲ. ಲ್ಯಾಪ್‌ಟಾಪಾದರೆ ಇನ್ನೊಂದು: ಹಿಂಬದಿ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ.

ಹಾಗೆಂದು ಎಲ್ಲರೂ ಸ್ಕ್ರೂಡ್ರೈವರ್ ಹಿಡಿಯಬೇಕೆಂದಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ವರ್ಷಕ್ಕೊಮ್ಮೆ ಬಿಚ್ಚುವುದು ಚಟವೇ ಹೊರತು ಆರೈಕೆಯಲ್ಲ. ಕೆಲವು ತೆಳು ಲ್ಯಾಪ್‌ಟಾಪುಗಳು ಹೊಸದರಲ್ಲೇ 90 ಡಿಗ್ರಿ ಮುಟ್ಟುತ್ತವೆ, ಅವನ್ನು ಹಾಗೇ ರೂಪಿಸಿರುತ್ತಾರೆ. ನೋಡಬೇಕಾದದ್ದು ಬದಲಾವಣೆಯನ್ನು. ಹೋದ ವರ್ಷ ಅದೇ ಕೆಲಸಕ್ಕೆ 75 ಇದ್ದದ್ದು ಈಗ 95 ಆಗಿದ್ದರೆ, ಫ್ಯಾನು ಸುಮ್ಮನಿರುವಾಗಲೂ ಕೂಗುತ್ತಿದ್ದರೆ, ಮೊದಲು ಧೂಳು, ಆಮೇಲೆ ಪೇಸ್ಟು. ಉಷ್ಣಾಂಶ ತೋರಿಸುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ.

ಈಗ ಅಂಗಡಿಯ ಮಾತು. ಅವರು ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ಬಿಚ್ಚಿ, ಒರೆಸಿ, ಪೇಸ್ಟ್ ಹಾಕಿ, ಒಂದು ತಾಸು ಓಡಿಸಿ ನೋಡುವುದಕ್ಕೆ ಗಿರಾಕಿ ಎಂಟುನೂರು ಕೊಡಲೂ ಮುಖ ಸಿಂಡರಿಸುತ್ತಾನೆ. ಬೋರ್ಡ್ ಬದಲಿಸಿದರೆ ಬಿಲ್ಲಿನಲ್ಲಿ ಒಂದು ವಸ್ತು ಕಾಣುತ್ತದೆ, ಹೊಸ ಬೋರ್ಡ್ ಕೂರಿಸುವಾಗ ಹೊಸ ಪೇಸ್ಟೂ ಬೀಳುತ್ತದೆ, ತೊಂದರೆ ನಿಜವಾಗಿಯೂ ಹೋಗುತ್ತದೆ. ಎಲ್ಲರೂ ಬೋರ್ಡೇ ಕಾರಣ ಎಂದು ನಂಬುತ್ತಾರೆ, ಅಂಗಡಿಯವನೂ ಸೇರಿ. ಇಲ್ಲಿ ನಮ್ಮ ಪಾಲೂ ಇದೆ. ಕೈಕೆಲಸಕ್ಕೆ ದುಡ್ಡು ಕೊಡಲು ಹಿಂಜರಿದು ವಸ್ತುವಿಗೆ ಕೊಡುವವರು ನಾವು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆಯಿತು. ಡೆಲ್, ಲೆನೊವೊ, ಎಚ್‌ಪಿ ತಮ್ಮ ಅನೇಕ ಮಾದರಿಗಳನ್ನು ಬಿಚ್ಚುವ ಕೈಪಿಡಿಗಳನ್ನು ಯಾರು ಬೇಕಾದರೂ ಓದುವಂತೆ ಇಟ್ಟಿವೆ. ಹಕ್ಕು ಕಾಗದದ ಮೇಲೆ ಮೆಲ್ಲಗೆ ಬರುತ್ತಿದೆ. ಆದರೆ ಮುಂದಿನ ಸಲ ಯಾರಾದರೂ ನಿಮಗೆ ಬೋರ್ಡ್ ಹೋಗಿದೆ ಎಂದರೆ, ಎರಡು ಪ್ರಶ್ನೆ ಅಲ್ಲೇ ನಿಂತು ಕೇಳಿ: ಹೀಟ್‌ಸಿಂಕ್ ಎತ್ತಿ ನೋಡಿದಿರಾ? ಪೇಸ್ಟ್ ಬದಲಿಸಿ, ಧೂಳು ತೆಗೆದು ಓಡಿಸಿ ನೋಡಲು ಎಷ್ಟು ತಗೊಳ್ತೀರಿ? ಎರಡನೆಯದಕ್ಕೆ ಅವರು ಸಾವಿರ ಅಂದರೂ ಚೌಕಾಸಿ ಮಾಡದೆ ಕೊಡಿ.

ಹುಡುಗ ಪ್ರಾಜೆಕ್ಟ್ ಒಪ್ಪಿಸಿದ. ಉಳಿದ ಟ್ಯೂಬನ್ನು ನನ್ನ ಕೈಯಿಂದ ಕಸಿದುಕೊಂಡೇ ನಾಗಪುರಕ್ಕೆ ಹೋದ, ಹಾಸ್ಟೆಲ್ಲಿನಲ್ಲಿ ಇನ್ನೂ ಮೂರು ಲ್ಯಾಪ್‌ಟಾಪು ಹೀಗೇ ಇವೆಯಂತೆ. ಮುಚ್ಚಳ ಬಿಗಿಯಾಗಿ ಹಾಕು, ಬಿಸಿಲಿಗೆ ಇಡಬೇಡ ಅಂದಿದ್ದೇನೆ. ನಾಲ್ಕು ಗ್ರಾಮಿನ ಟ್ಯೂಬು, ಲ್ಯಾಪ್‌ಟಾಪಿಗಾದರೆ ಹತ್ತು ಸಲಕ್ಕಂತೂ ಬರುತ್ತದೆ.