ಅರಸರು ಕೊಟ್ಟ ಜಾಮೀನು

ಪಿಯಾನೊ ನೋಡಿದ್ದೀರಾ, ಮಕ್ಕಳೇ? ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ರಾಮನವಮಿ ಚಪ್ಪರದಲ್ಲಿ ಪಿಟೀಲು, ಮೃದಂಗ ಕಾಣುತ್ತೀರಿ. ಭಜನೆಯಲ್ಲಿ ಹಾರ್ಮೋನಿಯಂ ಕೇಳುತ್ತೀರಿ. ಪಿಯಾನೊ ಮಾತ್ರ ಬಲು ಅಪರೂಪ.

ಹಾರ್ಮೋನಿಯಂಗೆ ಇರುವಂತೆ ಅದಕ್ಕೂ ಕರಿ-ಬಿಳಿ ಮನೆಗಳಿವೆ, ಒಟ್ಟು 88. ಹಾರ್ಮೋನಿಯಂ ಗಾಳಿಯಿಂದ ನುಡಿಯುತ್ತದೆ. ಪಿಯಾನೊದಲ್ಲಿ ಮನೆ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲು ದನಿ, ಬಲವಾಗಿ ಒತ್ತಿದರೆ ಜೋರು ದನಿ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ಎಂಬಾತ ಇದನ್ನು ತಯಾರಿಸಿದ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಇದರಲ್ಲಿ ಬಾರದು. ಅದಕ್ಕೇ ನಮ್ಮ ಕಛೇರಿಗಳಿಗೆ ಇದು ಒಗ್ಗಲಿಲ್ಲ.

ಆದರೂ ಈ ವಾದ್ಯಕ್ಕೆ ಮನಸೋತ ದೊಡ್ಡವರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ಅವರೇ ಮೈಸೂರಿನ ಜಯಚಾಮರಾಜ ಒಡೆಯರು. ಹುಟ್ಟಿದ್ದು 1919ರಲ್ಲಿ. ಪಿಯಾನೊ ಕಛೇರಿ ಕೊಡುವ ಕಲಾವಿದರಾಗಬೇಕೆಂಬ ಆಸೆ ಅವರಿಗಿತ್ತು. 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಸಿಂಹಾಸನ ಏರಬೇಕಾಯಿತು. ವೇದಿಕೆಯ ಆಸೆ ಅಲ್ಲಿಗೆ ನಿಂತಿತು. ಕಲಿಕೆ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಇತ್ತ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು.

ಆ ಕಾಲದಲ್ಲಿ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ವೃದ್ಧ ಸಂಗೀತಗಾರರಿದ್ದರು. ಆರೋಗ್ಯ ಕೆಟ್ಟಿತ್ತು, ಕೇಳುವವರು ಕಡಿಮೆ. ಅವರ ಸಂಗೀತ ಮೆಚ್ಚಿದ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಸ್ಥಾಪಿಸಿದರು. ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ತಮ್ಮ ಮೂರು ದೊಡ್ಡ ಕೃತಿಗಳನ್ನು ಮೆಟ್ನರ್ ಸ್ವತಃ ನುಡಿಸಿ ಧ್ವನಿಮುದ್ರಿಸಿದರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರ ಬೆರಳುಗಳ ನಾದ ಇಂದಿಗೂ ಕೇಳಸಿಗುತ್ತದೆ.

ಇನ್ನೊಂದು ಸಂಗತಿ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಹಾಡುಗಳು, ಅವರು ಕಾಲವಾದ ಮೇಲೆ, 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಆ ಕಛೇರಿಗೆ 4,800 ಡಾಲರಿನ ಜಾಮೀನು ನಿಂತವರು ನಮ್ಮ ಮಹಾರಾಜರು. ಅವರಿಗೆ ಹೋಗಲಾಗಲಿಲ್ಲ. ಅದರ ಧ್ವನಿಮುದ್ರಣ ಮಾತ್ರ ಮೈಸೂರಿಗೆ ಬರಬೇಕಿತ್ತು.

ಬ್ಯಾಂಕಿನ ಗುಮಾಸ್ತನಾಗಿ ನಾನು ಕಂಡ ಜಾಮೀನು ಪತ್ರಗಳಿಗೆ ಲೆಕ್ಕವಿಲ್ಲ. ಎಲ್ಲದರ ಸಾರ ಒಂದೇ: ‘ಅವರಿಂದ ಆಗದಿದ್ದರೆ ನಾನಿದ್ದೇನೆ.’ ತಾನು ಏರಲಾಗದ ವೇದಿಕೆಗೆ ಇನ್ನೊಬ್ಬರು ಏರಲಿ ಎಂದು ಹಾಗೆ ನಿಲ್ಲುವುದಕ್ಕೆ ದೊಡ್ಡ ಮನಸ್ಸು ಬೇಕು.

ಅರಮನೆಯೇ ಬೇಕೆಂದಿಲ್ಲ. ಕೈವಾರದಲ್ಲಿ ಗುರುಪೂರ್ಣಿಮೆಗೆ ಮೂರು ದಿನ ಹಗಲೂ ರಾತ್ರಿ ಸಂಗೀತ ನಡೆಯುತ್ತದೆ. ನಡುರಾತ್ರಿ ಹಾಡುವವರಿಗೂ ಎದುರಿಗೊಬ್ಬರು ಕೂತಿರಬೇಕಲ್ಲವೇ? ನಮ್ಮ ಊರುಗಳ ಪುಟ್ಟ ಕಛೇರಿಗಳು ಉಳಿದಿರುವುದೂ ಜಮಖಾನ ಹಾಸುವವರು, ಮೈಕಿನ ಬಾಡಿಗೆ ಕೊಡುವವರು, ಕೋಸಂಬರಿಗೆ ಹೆಸರುಬೇಳೆ ನೆನೆಹಾಕುವವರು, ಮಂಗಳ ಹಾಡುವವರೆಗೆ ಏಳದೆ ಕೂರುವವರು ಇರುವುದರಿಂದ. ಮುಂದಿನ ಸಾಲು ಖಾಲಿಯಾದರೆ ಚಪ್ಪರವೂ ಒಂದು ದಿನ ಏಳುವುದಿಲ್ಲ.

ಅಜ್ಜ-ಅಜ್ಜಿಯರೇ, ಈ ಸಲ ಕಛೇರಿಗೆ ಹೋಗುವಾಗ ಒಬ್ಬ ಮೊಮ್ಮಗುವನ್ನು ಕರೆದೊಯ್ಯಿರಿ. ಬೀದಿಯಲ್ಲಿ ಕೀಬೋರ್ಡ್ ಕಲಿಯುವ ಮಗುವಿದ್ದರೆ ಮುಖ್ಯ ಕಛೇರಿಗೆ ಮುಂಚೆ ಹತ್ತು ನಿಮಿಷ ನುಡಿಸಲು ಬಿಡಿ ಎಂದು ಸಮಿತಿಯವರನ್ನು ಕೇಳಿ. ಮಕ್ಕಳೇ, ಆ ಮಗು ನಡುವೆ ತಡವರಿಸಿದರೆ ನಗಬೇಡಿ. ಮುಗಿದ ಮೇಲೆ ಜೋರಾಗಿ ಚಪ್ಪಾಳೆ ತಟ್ಟಿ. ಅದು ನಿಮ್ಮ ಜಾಮೀನು.