ಹೆಡ್‌ಲೈಟ್ ಮಂದವಾದರೆ 100 ವ್ಯಾಟ್ ಬಲ್ಬ್ ಹಾಕಬಹುದೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ರಾತ್ರಿ ಕಾರು ಓಡಿಸುವವರಿಗೆ ಇದು ಗೊತ್ತು: ಎದುರಿನ ಬೆಳಕು ಕಣ್ಣು ಕುಕ್ಕಿದ ಕ್ಷಣ, ರಸ್ತೆಬದಿ ಲೈಟಿಲ್ಲದೆ ನಿಂತ ಭತ್ತದ ಟ್ರ್ಯಾಕ್ಟರ್ ಕಾಣುವುದೇ ಇಲ್ಲ. ಆದರೂ ‘ಲೈಟ್ ಮಂದವೇ? 100 ವ್ಯಾಟ್ ಬಲ್ಬ್ ಹಾಕಿಸಿ’ ಎನ್ನುವವರಿದ್ದಾರೆ. ಇದು ಸರಿಯೇ? ನೋಡೋಣ.

ಸರಿಯಲ್ಲ. ಸಾಮಾನ್ಯ ಎಚ್4 ಹ್ಯಾಲೊಜೆನ್ ಬಲ್ಬ್ ಹೈಬೀಮ್‌ನಲ್ಲಿ 60 ವ್ಯಾಟ್, ಲೋಬೀಮ್‌ನಲ್ಲಿ 55 ವ್ಯಾಟ್. 12 ವೋಲ್ಟ್‌ನಲ್ಲಿ 60 ವ್ಯಾಟ್‌ಗೆ 5 ಆಂಪಿಯರ್ ಸಾಕು. 100 ವ್ಯಾಟ್‌ಗೆ 8ಕ್ಕೂ ಹೆಚ್ಚು ಬೇಕು. ವೈರ್ ಬಿಸಿಯಾಗಿ ಹೋಲ್ಡರ್ ಕರಗಬಹುದು. ಹ್ಯಾಲೊಜೆನ್ ಹೆಡ್‌ಲೈಟ್‌ಗೆ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇಂಥ ಲೈಟ್‌ಗಳ ವಿರುದ್ಧವೇ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆ ನಡೆಸಿದ್ದರು.

ಹಾಗಾದರೆ ಏನು ಮಾಡಬೇಕು?

ಒಂದೇ ಲೈಟ್ ಹೋಗಿದ್ದರೆ ಸ್ವಿಚ್ ಆಫ್ ಮಾಡಿ, ಬಲ್ಬ್ ತಣ್ಣಗಾದ ಮೇಲೆ ಎಡ-ಬಲ ಅದಲು ಬದಲು ಮಾಡಿ. ಬಲ್ಬ್ ಎರಡೂ ಕಡೆ ಉರಿಯದಿದ್ದರೆ ಅದೇ ಕೆಟ್ಟಿದೆ. ಇನ್ನೊಂದು ಕಡೆ ಉರಿದರೆ ಫ್ಯೂಸ್, ಕನೆಕ್ಟರ್ ನೋಡಿ. ಎರಡೂ ಲೈಟ್ ಮಂದವಿದ್ದರೆ ಹಳದಿಗಟ್ಟಿದ ಲೆನ್ಸ್ ಕಾರಣವಿರಬಹುದು, ಪಾಲಿಶ್ ಮಾಡಿಸಿ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹಾಳಾಗುತ್ತದೆ.